ಎಲ್ಲಿ ಓದೋದು, ಯಾರ ದುಡ್ಡಲ್ಲಿ?

ಹೋದ ಭಾನುವಾರ ಬೆಳಿಗ್ಗೆ ಅಕ್ಕನ ಮಗ ಮನೆಗೆ ಬಂದ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮೂರು ವರ್ಷದಿಂದ ಕೆಲಸ ಮಾಡ್ತಿದ್ದಾನೆ. ವಾರವಿಡೀ ಅಲ್ಲೇ ಪಿಜಿಯಲ್ಲಿರ್ತಾನೆ, ವಾರದ ಕೊನೆಗೆ ದಾಸರಹಳ್ಳಿ ಮನೆಗೆ ಬರ್ತಾನೆ. ಕಾಫಿ ಲೋಟ ಕೈಗೆ ಬರೋ ಮುಂಚೆಯೇ ಮೊಬೈಲ್ ತೆಗೆದು ಎರಡು ಕಾಗದ ತೋರಿಸಿದ. ಒಂದು, ಅಮೆರಿಕದ ಯೂನಿವರ್ಸಿಟಿಯೊಂದರ ಪತ್ರ. ಎಂ.ಎಸ್. ಸೀಟು ಸಿಕ್ಕಿದೆ, ಆದರೆ ಏಡ್ ಅನ್ನೋದು ಒಂದು ಪೈಸೆಯೂ ಇಲ್ಲ. ಇನ್ನೊಂದು, ಗೇಟ್ ಪರೀಕ್ಷೆಯ ಸ್ಕೋರ್ ಕಾರ್ಡು. ಆ ರ್‍ಯಾಂಕಿಗೆ ನಮ್ಮ ದೇಶದಲ್ಲೇ ಒಳ್ಳೇ ಕಡೆ ಎಂ.ಟೆಕ್. ಸಿಗುತ್ತೆ, ಜೊತೆಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡು.

"ಮಾಮ, ಸಾಲಕ್ಕೆ ಮನೆ ಪತ್ರ ಇಡ್ಬೇಕಂತೆ. ಅಮ್ಮ ಹೂಂ ಅಂದಿದ್ದಾಳೆ. ಅಪ್ಪ ಏನೂ ಮಾತಾಡ್ತಿಲ್ಲ. ಏನ್ ಮಾಡ್ಲಿ?"

ಭಾವ ಪೀಣ್ಯದ ಸಣ್ಣ ವರ್ಕ್‌ಶಾಪೊಂದರಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತು ಕಟ್ಟಿಸಿದ ಮನೆ ಅದು. ಅವರು ಮಾತಾಡದೇ ಇರೋದಕ್ಕೆ ಕಾರಣ ನನಗೆ ಗೊತ್ತು. ಇನ್ನೊಂದು ದಿನ ನನ್ನ ಹತ್ತಿರ ಹೇಳಿದ್ದರು: "ಆಗಿನ ಕಾಲದೋರು ಓದೋಕೆ ಹೋದ್ರೂ ದೇಶದ ಮೇಲಿನ ಪ್ರೀತಿಗೆ ವಾಪಸ್ ಬರ್ತಿದ್ರು ಕಣಯ್ಯ. ಇವನು ಹೋದ್ರೆ ಬರ್ತಾನಾ?"

ಈ 'ಆಗಿನ ಕಾಲದೋರು' ಅನ್ನೋ ಮಾತು ನನ್ನ ತಲೆಯಲ್ಲಿ ಹುಳದ ಥರ ಕೊರೆಯೋಕೆ ಶುರುವಾಯ್ತು. ಅವರು ಎಲ್ಲಿ ಓದಿದರು ಅಂತ ನಮಗೆಲ್ಲ ಗೊತ್ತು, ಸ್ಕೂಲ್ ಪುಸ್ತಕದಲ್ಲೇ ಇದೆ. ಆದರೆ ಯಾರ ದುಡ್ಡಲ್ಲಿ ಓದಿದರು? ದುಡ್ಡು ಕೊಟ್ಟವರು ಬದಲಿಗೆ ಏನು ಕೇಳಿದರು? ಇದನ್ನ ನಾವು ಕೇಳೋದೇ ಇಲ್ಲ. ಹುಡುಗನಿಗೆ ಬುದ್ಧಿ ಹೇಳೋಕೆ ನಾನೇನು ಕೌನ್ಸೆಲರ್ ಅಲ್ಲ. ಆದರೆ ಹಳೇ ಕಥೆ ಹೇಳಬಲ್ಲೆ. ಅವನಿಗೆ ಹೇಳಿದ್ದನ್ನೇ ಸ್ವಲ್ಪ ಜೋಡಿಸಿ ಇಲ್ಲಿ ಬರೀತಿದ್ದೀನಿ.

*

ಮೊದಲು ಎಲ್ಲರಿಗೂ ಗೊತ್ತಿರೋ ಹೆಸರು, ವಿಶ್ವೇಶ್ವರಯ್ಯ.

ಮುದ್ದೇನಹಳ್ಳಿಯ ಹುಡುಗ. ತಂದೆ ಚಿಕ್ಕಂದಿನಲ್ಲೇ ತೀರಿಹೋಗಿದ್ದರು. ಬೆಂಗಳೂರಿಗೆ ಬಂದು, ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳ್ತಾ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. 1881ರಲ್ಲಿ ಬಿ.ಎ. ಆಯಿತು. ಡಿಗ್ರಿ ಕೊಟ್ಟಿದ್ದು ಮದ್ರಾಸ್ ವಿಶ್ವವಿದ್ಯಾಲಯ, ಯಾಕಂದ್ರೆ ಮೈಸೂರಿಗೆ ಆಗ ತನ್ನದೇ ವಿಶ್ವವಿದ್ಯಾಲಯ ಇರಲಿಲ್ಲ. ಇಂಜಿನಿಯರಿಂಗ್ ಪದವಿ ಓದೋಕೂ ಇಲ್ಲಿ ಕಾಲೇಜಿರಲಿಲ್ಲ. ಪುಣೆಗೋ ಮದ್ರಾಸಿಗೋ ಹೋಗಬೇಕು, ಹೋಗೋಕೆ ದುಡ್ಡು ಬೇಕು.

ಅದೇ 1881ರಲ್ಲಿ ಬ್ರಿಟಿಷರು ಐವತ್ತು ವರ್ಷ ತಾವೇ ಆಳಿದ್ದ ಮೈಸೂರನ್ನು ಒಡೆಯರಿಗೆ ವಾಪಸ್ ಕೊಟ್ಟರು. ರಂಗಾಚಾರ್ಲು ದಿವಾನರಾದರು. ಆ ಸರ್ಕಾರ ಈ ಹುಡುಗನಿಗೆ ಸ್ಕಾಲರ್‌ಶಿಪ್ ಕೊಟ್ಟು ಪುಣೆಯ ಸೈನ್ಸ್ ಕಾಲೇಜಿಗೆ ಕಳಿಸಿತು. 1883ರಲ್ಲಿ ಎಲ್.ಸಿ.ಇ. ಪರೀಕ್ಷೆಯಲ್ಲಿ ಮೊದಲ ರ್‍ಯಾಂಕ್ ಬಂತು. ಆಮೇಲೆ?

ಆಮೇಲೆ 1884ರಲ್ಲಿ ಬೊಂಬಾಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಕೆಲಸ ಕೊಟ್ಟಿತು, ಅವರು ಸೇರಿಕೊಂಡರು. ಹೌದು, ಓದಿಸಿದ್ದು ಮೈಸೂರು, ದುಡಿದಿದ್ದು ಬೊಂಬಾಯಿಗೆ. ಸುಮಾರು ಕಾಲು ಶತಮಾನ! ಈಗಿನ ಕಾಲದ ಭಾಷೆಯಲ್ಲಿ ಹೇಳೋದಾದ್ರೆ ಅಪ್ಪಟ 'ಬ್ರೈನ್ ಡ್ರೈನ್' ಕೇಸು :-)

ಅವರು ಮೈಸೂರಿಗೆ ಚೀಫ್ ಇಂಜಿನಿಯರ್ ಆಗಿ ಬಂದದ್ದು 1909ರಲ್ಲಿ. ಬಂದದ್ದು ಯಾಕೆ? ಮಾಡೋಕೆ ದೊಡ್ಡ ಕೆಲಸ ಕಾದಿತ್ತು, ಕರೆಯೋರು ಇದ್ದರು, ಅಧಿಕಾರ ಇತ್ತು. 1912ರಲ್ಲಿ ದಿವಾನರಾದರು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬಂತು, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಬಂತು. ಇಂದು ಕೆ.ಆರ್. ಸರ್ಕಲ್ ಹತ್ತಿರ ಇರೋ ಯುವಿಸಿಇ ಅಂದ್ರೆ ಅದೇ. ತನ್ನ ಕಾಲದಲ್ಲಿ ಇಲ್ಲದ ಎರಡೂ ಬಾಗಿಲನ್ನ ಮುಂದಿನವರಿಗೆ ತೆರೆದುಕೊಟ್ಟರು. ಮೈಸೂರು ಕೊಟ್ಟ ಸ್ಕಾಲರ್‌ಶಿಪ್ಪು ಬಡ್ಡಿ ಸಮೇತ ವಾಪಸ್ ಬಂತು, ಆದರೆ ಮೂವತ್ತು ವರ್ಷ ತಡವಾಗಿ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಆಗ ಸರ್ಕಾರದ ದುಡ್ಡು, ಸರ್ಕಾರದ ಕೆಲಸ ಯಾರ ಮಕ್ಕಳಿಗೆ ಹೋಗ್ತಿದೆ ಅನ್ನೋ ಜಗಳವೂ ಜೋರಾಗಿತ್ತು. ಅದಕ್ಕೇ 1918ರಲ್ಲಿ ಮಿಲ್ಲರ್ ಸಮಿತಿ ಆಯಿತು. ಹಿಂದುಳಿದವರಿಗೆ ಓದಿನಲ್ಲಿ, ನೌಕರಿಯಲ್ಲಿ ವಿಶೇಷ ಅವಕಾಶ ಬೇಕು ಅಂತ ಅದು 1919ರಲ್ಲಿ ವರದಿ ಕೊಟ್ಟಿತು. ವಿಶ್ವೇಶ್ವರಯ್ಯನವರು ಆ ದಾರಿಯನ್ನ ಒಪ್ಪಲಿಲ್ಲ, ಅಷ್ಟರಲ್ಲಿ ದಿವಾನಗಿರಿ ಬಿಟ್ಟಿದ್ದರು. ಪ್ರತಿಭೆ ಎಷ್ಟು ಊರಲ್ಲಿದ್ದರೂ ಸ್ಕಾಲರ್‌ಶಿಪ್ ಸುದ್ದಿ ಕೆಲವೇ ಬೀದಿಗೆ ತಲುಪುತ್ತೆ ಅನ್ನೋದು ಅಂದಿಗೂ ನಿಜ, ಇಂದಿಗೂ ನಿಜ.

ಮೈಸೂರಿನ ಹಾಗೇ ಇನ್ನೊಂದು ಸಂಸ್ಥಾನ ಬರೋಡಾ. ಅಲ್ಲಿನ ಸಯಾಜಿರಾವ್ ಗಾಯಕವಾಡರು 1913ರಲ್ಲಿ ಅಂಬೇಡ್ಕರ್ ಅವರನ್ನ ನ್ಯೂಯಾರ್ಕಿನ ಕೊಲಂಬಿಯಾಕ್ಕೆ ಕಳಿಸಿದರು. ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ. ಷರತ್ತು? ಓದು ಮುಗಿದ ಮೇಲೆ ಹತ್ತು ವರ್ಷ ಬರೋಡಾದಲ್ಲಿ ಸೇವೆ. 1917ರಲ್ಲಿ ಆ ಮಾತಿನಂತೆ ಅವರು ಬರೋಡಾಕ್ಕೆ ಬಂದರು. ಆದರೆ ಜಾತಿಯ ಕಾರಣಕ್ಕೆ ಆ ಊರಲ್ಲಿ ಇರೋಕೆ ಒಂದು ರೂಮು ಸಿಗಲಿಲ್ಲ. ತಂಗಿದ್ದ ಪಾರ್ಸಿ ವಸತಿಗೃಹದಿಂದಲೂ ಹೊರಗೆ ಹಾಕಿದರು. ಊರು ಬಿಟ್ಟು ಹೋಗಬೇಕಾಯ್ತು. ಬಾಂಡ್ ಬರೆಸಿಕೊಂಡವರು ಹತ್ತು ವರ್ಷದ ಲೆಕ್ಕ ಬರೆಸಿಕೊಂಡರು, ವಾಪಸ್ ಬಂದವನಿಗೆ ಇರೋಕೆ ಜಾಗ ಇದೆಯಾ ಅಂತ ಯಾರೂ ನೋಡಲಿಲ್ಲ.

*

ಸಂಸ್ಥಾನ ಬಿಟ್ಟರೆ ಇನ್ನೊಂದು ದಾರಿ ದಾನಿಗಳದ್ದು. ಜಮ್‌ಶೇಟ್‌ಜಿ ಟಾಟಾ 1892ರಲ್ಲೇ ಒಂದು ನಿಧಿ ಶುರುಮಾಡಿದ್ದರು. ಜೆ.ಎನ್. ಟಾಟಾ ಎಂಡೋಮೆಂಟ್ ಅಂತ ಇವತ್ತಿಗೂ ಇದೆ. ಅದರ ವಿಶೇಷ ಏನಂದ್ರೆ ಅದು ದಾನ ಅಲ್ಲ, ಸಾಲದ ಸ್ಕಾಲರ್‌ಶಿಪ್ಪು. ಓದಿ, ದುಡಿದು, ಹಿಂದಿರುಗಿಸಬೇಕು. ಹಾಗೆ ಬಂದ ದುಡ್ಡು ಮುಂದಿನವರಿಗೆ. ನಮ್ಮ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಈ ನೆರವಿನಿಂದಲೇ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಹೋಗಿ 1948ರಲ್ಲಿ ಪಿಎಚ್.ಡಿ. ಮಾಡಿದರು.

ಅದೇ ಟಾಟಾ, ಹೊರದೇಶಕ್ಕೆ ಕಳಿಸೋದರ ಜೊತೆಗೆ ಇಲ್ಲೇ ಒಂದು ಸಂಸ್ಥೆ ಬೇಕು ಅಂತಲೂ ಹೊರಟರು. ಮೈಸೂರು ಸರ್ಕಾರ 371 ಎಕರೆ ಜಾಗ ಕೊಟ್ಟಿತು. ಟಾಟಾ 1904ರಲ್ಲೇ ತೀರಿಕೊಂಡರು. ಸಂಸ್ಥೆ ಹುಟ್ಟಿದ್ದು 1909ರಲ್ಲಿ, ಮೊದಲ ವಿದ್ಯಾರ್ಥಿಗಳು ಬಂದದ್ದು 1911ರಲ್ಲಿ. ಯಶವಂತಪುರದ ಪಕ್ಕದ 'ಟಾಟಾ ಇನ್ಸ್‌ಟಿಟ್ಯೂಟ್' ಅಂತ ನಮ್ಮ ಹಿರಿಯರು ಕರೀತಿದ್ದ ಐಐಎಸ್‌ಸಿ.

ಸಂಸ್ಥೆ ಬಂದರೂ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. 1933ರಲ್ಲಿ ಕಮಲಾ ಸೊಹೋನಿ (ಆಗ ಕಮಲಾ ಭಾಗವತ್) ಬೊಂಬಾಯಿಂದ ಅರ್ಜಿ ಹಾಕಿದರೆ, ಹೆಣ್ಣು ಅನ್ನೋ ಕಾರಣಕ್ಕೆ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಸೀಟು ಕೊಡಲಿಲ್ಲ. ಆಕೆ ಬಿಡಲಿಲ್ಲ, ಬಂದು ಹಟ ಹಿಡಿದರು. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ ಅನ್ನೋ ಷರತ್ತಿನ ಮೇಲೆ ಸೇರಿಸಿಕೊಂಡರು. 1939ರಲ್ಲಿ ಕೇಂಬ್ರಿಜ್‌ನಿಂದ ಅವರ ಪಿಎಚ್.ಡಿ. ಬಂತು.

ಹತ್ತು ವರ್ಷದ ನಂತರ, 1943ರಲ್ಲಿ, ಅದೇ ಸಂಸ್ಥೆಗೆ ಬಂದ ಇನ್ನೊಬ್ಬ ಹುಡುಗಿಯ ಕಥೆ ನನಗೆ ತುಂಬಾ ಇಷ್ಟ. ಹೆಸರು ರಾಜೇಶ್ವರಿ, ನಂಜನಗೂಡಿನಲ್ಲಿ 1922ರಲ್ಲಿ ಹುಟ್ಟಿದವರು. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ ಮೊದಲ ರ್‍ಯಾಂಕ್ ಪಡೆದ ರಾಜೇಶ್ವರಿ ಐಐಎಸ್‌ಸಿಯ ಎಲೆಕ್ಟ್ರಿಕಲ್ ಟೆಕ್ನಾಲಜಿ ವಿಭಾಗಕ್ಕೆ ಸೇರಿದರು. ಯುದ್ಧ ಮುಗಿದಿತ್ತು, ಸ್ವಾತಂತ್ರ್ಯ ಹತ್ತಿರ ಬರ್ತಿತ್ತು. ದೇಶ ಕಟ್ಟೋಕೆ ಜನ ಬೇಕು ಅಂತ ದೆಹಲಿ ಸರ್ಕಾರ ಬುದ್ಧಿವಂತ ಹುಡುಗ ಹುಡುಗಿಯರನ್ನ ಆರಿಸಿ ಹೊರದೇಶಕ್ಕೆ ಕಳಿಸ್ತಿತ್ತು. 1946ರಲ್ಲಿ ಇವರೂ ಆಯ್ಕೆಯಾದರು.

1947ರಲ್ಲಿ ಹಡಗು ಹತ್ತಿದರು. ಯುದ್ಧದಲ್ಲಿ ಸೈನಿಕರನ್ನ ಸಾಗಿಸ್ತಿದ್ದ ಹಡಗನ್ನೇ ಪ್ರಯಾಣಿಕರಿಗೆ ಬದಲಾಯಿಸಿದ್ದು. ಮೂವತ್ತು ದಿನದ ಪ್ರಯಾಣ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮಾಸ್ಟರ್ಸ್ ಮುಗಿಸಿದರು. ಸರ್ಕಾರದ ಒಪ್ಪಂದದ ಪ್ರಕಾರ ಆಮೇಲೆ ವಾಷಿಂಗ್ಟನ್ನಿನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಎಂಟು ತಿಂಗಳ ತರಬೇತಿ. ಅಲ್ಲಿಗೆ ಒಪ್ಪಂದದ ಓದು ಮುಗೀತು. ಆದರೆ ಇವರಿಗೆ ಪಿಎಚ್.ಡಿ. ಮಾಡಬೇಕು. ಈಗ ಯಾರು ದುಡ್ಡು ಕೊಡ್ತಾರೆ?

ಮಿಷಿಗನ್ನಿನಲ್ಲಿ ಏಷ್ಯಾದ ಹೆಣ್ಣುಮಕ್ಕಳಿಗೆಂದೇ ಬಾರ್ಬರ್ ಸ್ಕಾಲರ್‌ಶಿಪ್ ಅಂತ ಒಂದಿದೆ. ಲೆವಿ ಬಾರ್ಬರ್ ಅನ್ನೋ ಹಳೇ ವಿದ್ಯಾರ್ಥಿ ಕೊಟ್ಟ ದುಡ್ಡು. ತಲಶ್ಶೇರಿಯ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ 1920ರ ದಶಕದಲ್ಲಿ ಅದರಿಂದಲೇ ಓದಿದ್ದರು. 1949ರಲ್ಲಿ ರಾಜೇಶ್ವರಿಗೂ ಅದು ಸಿಕ್ಕಿತು. ವಿಲಿಯಂ ಡೌ ಅನ್ನೋ ಪ್ರೊಫೆಸರ್ ಕೈಕೆಳಗೆ 1953ರಲ್ಲಿ ಪಿಎಚ್.ಡಿ. ಮುಗಿಸಿ, ಅದೇ ವರ್ಷ ಬೆಂಗಳೂರಿಗೆ ಬಂದು ಐಐಎಸ್‌ಸಿಯಲ್ಲಿ ಅಧ್ಯಾಪಕಿಯಾದರು. ಮೈಕ್ರೋವೇವ್ ಇಂಜಿನಿಯರಿಂಗ್ ಅನ್ನೋ ವಿಷಯವನ್ನ ಇಲ್ಲಿ ಬೇರೂರಿಸಿದರು. ಮದುವೆಯಾದ ಮೇಲೆ ಅವರು ರಾಜೇಶ್ವರಿ ಚಟರ್ಜಿ. 2010ರಲ್ಲಿ ತೀರಿಕೊಂಡರು.

ಗಮನಿಸಿ, ಒಂದೇ ಓದಿಗೆ ಎರಡು ಬೊಕ್ಕಸ. ಮೊದಲ ಘಟ್ಟ ದೆಹಲಿಯ ದುಡ್ಡು, ಷರತ್ತಿನ ದುಡ್ಡು. ಎರಡನೇ ಘಟ್ಟ ಅಮೆರಿಕದ ದಾನಿಯದು. ಮೊದಲಿಂದ ಕೊನೆವರೆಗೆ ಒಂದೇ ಕಡೆಯಿಂದ ದುಡ್ಡು ಸಿಗಬೇಕು ಅಂತ ಕೂತಿದ್ದರೆ ಆ ಪಿಎಚ್.ಡಿ. ಆಗ್ತಿರಲಿಲ್ಲ.

ಇಲ್ಲಿ ಭಾವನ ಪ್ರಶ್ನೆ. ಇವರೆಲ್ಲ ವಾಪಸ್ ಬಂದದ್ದು ದೇಶಪ್ರೇಮಕ್ಕಾ? ಅದು ಖಂಡಿತ ಇತ್ತು, ನಾನು ಇಲ್ಲ ಅನ್ನಲ್ಲ. ಆದರೆ ಇನ್ನೊಂದು ಸಂಗತಿ ಇದೆ. 1946ರ ಅಮೆರಿಕದ ಕಾನೂನಿನ ಪ್ರಕಾರ ಅಲ್ಲಿ ಶಾಶ್ವತವಾಗಿ ನೆಲೆಸೋಕೆ ಭಾರತೀಯರಿಗೆ ಇದ್ದ ಕೋಟಾ ವರ್ಷಕ್ಕೆ 100 ಜನ. ಇಡೀ ದೇಶಕ್ಕೆ ನೂರು! ಅಂದ್ರೆ ಆ ತಲೆಮಾರಿನ ಹೆಚ್ಚಿನವರಿಗೆ 'ಬರ್ತೀನಾ, ಇರ್ತೀನಾ' ಅನ್ನೋ ಪ್ರಶ್ನೆಯೇ ಅಷ್ಟಾಗಿ ಇರಲಿಲ್ಲ. ಆ ಬಾಗಿಲು ತೆರೆದದ್ದು 1965ರ ಹೊಸ ವಲಸೆ ಕಾನೂನಿನಿಂದ. ಮಕ್ಕಳು ಹೋದವರು ಬರಲಿಲ್ಲ ಅನ್ನೋ ಕಥೆಗಳು ನಮ್ಮ ಮನೆಮನೆಗಳಲ್ಲಿ ಶುರುವಾದದ್ದು ಆಮೇಲೆ. ಜನ ಕೆಟ್ಟರು ಅಂತಲ್ಲ, ಕಾನೂನು ಬದಲಾಯ್ತು.

*

ಈಗ ನಮ್ಮ ಪೀಣ್ಯಕ್ಕೆ ಬರೋಣ.

ಭಾವ ಕೆಲಸ ಮಾಡ್ತಿದ್ದ ಪೀಣ್ಯದ ಶೆಡ್ಡುಗಳನ್ನ ನೋಡಿದವರಿಗೆ ಗೊತ್ತು. ಶೀಟಿನ ಮಾಡು, ಒಳಗೆ ಸೆಕೆ, ಕಟಿಂಗ್ ಆಯಿಲ್ ವಾಸನೆ. ಅಂಥದ್ದೇ ಶೆಡ್ಡುಗಳಲ್ಲಿ ಭಾರತದ ಮೊದಲ ಉಪಗ್ರಹ ತಯಾರಾಯ್ತು ಅಂದ್ರೆ ಹೊಸಬರು ನಂಬಲ್ಲ. 1972ರಲ್ಲಿ ಕೆಲಸ ಶುರುವಾಗಿ, 360 ಕೆ.ಜಿ. ತೂಕದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲಕ್ಕೆ ಹೋಯಿತು. ಮಾಹಿತಿ ಬರಮಾಡಿಕೊಳ್ಳೋ ಕೇಂದ್ರಕ್ಕೆ ಜಾಗವಿಲ್ಲದೆ ಬೆಂಗಳೂರಿನಲ್ಲಿ ಒಂದು ಟಾಯ್ಲೆಟ್ಟನ್ನೇ ಬದಲಾಯಿಸಿಕೊಂಡಿದ್ದರು.

ಆ ತಂಡದ ಮುಂದಾಳು ಯು.ಆರ್. ರಾವ್. ಅವರು ಓದಿದ ಜಾಗಗಳ ಪಟ್ಟಿ ನೋಡಿ. ಹುಟ್ಟಿದ್ದು 1932ರಲ್ಲಿ, ಉಡುಪಿ ಹತ್ತಿರದ ಅದಮಾರಿನಲ್ಲಿ, ಸಾಧಾರಣ ಕುಟುಂಬ. ಪ್ರಾಥಮಿಕ ಶಾಲೆ ಅದಮಾರು, ಹೈಸ್ಕೂಲು ಉಡುಪಿ, ಇಂಟರ್‌ಮೀಡಿಯೆಟ್ ಬಳ್ಳಾರಿಯ ವೀರಶೈವ ಕಾಲೇಜು, ಬಿ.ಎಸ್ಸಿ. ಅನಂತಪುರ, ಎಂ.ಎಸ್ಸಿ. ಬನಾರಸ್. ಉಡುಪಿ, ಬಳ್ಳಾರಿ, ಅನಂತಪುರ ಮೂರೂ ಆಗ ಮದ್ರಾಸಿಗೇ ಸೇರಿದ್ದವು, ಹಾಗಾಗಿ ಈ ದಾರಿ ಈಗ ಕಾಣಿಸುವಷ್ಟು ವಿಚಿತ್ರವಲ್ಲ. ಆದರೂ ಎಲ್ಲಿ ಅವಕಾಶವಿತ್ತೋ ಅಲ್ಲಿಗೆ ಟ್ರಂಕು ಹೊತ್ತುಕೊಂಡು ಹೋದ ಹುಡುಗ ಅನ್ನೋದಂತೂ ನಿಜ.

ಪಿಎಚ್.ಡಿ.ಗೆ ಅವರು ಹೋದದ್ದು ಅಹಮದಾಬಾದಿನ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿಗೆ. ಅದು ಶುರುವಾದದ್ದೇ 1947ರಲ್ಲಿ. ಕಲ್ಕತ್ತ, ಮದ್ರಾಸಿನಂಥ ಹಳೇ ಹೆಸರಿನ ಜಾಗ ಅಲ್ಲ. ಡಿಗ್ರಿ ಗುಜರಾತ್ ವಿಶ್ವವಿದ್ಯಾಲಯದ್ದು. ಆದರೆ ಅಲ್ಲಿ ವಿಕ್ರಂ ಸಾರಾಭಾಯ್ ಇದ್ದರು! 1960ರಲ್ಲಿ ಪಿಎಚ್.ಡಿ. ಆದ ಮೇಲೆ ಅಮೆರಿಕಕ್ಕೆ ಹೋದರು. ಎಂಐಟಿ, ಆಮೇಲೆ ಡಲ್ಲಾಸಿನಲ್ಲಿ ಅಧ್ಯಾಪಕ ಹುದ್ದೆ. 1966ರಲ್ಲಿ ಅದನ್ನ ಬಿಟ್ಟು ಅಹಮದಾಬಾದಿಗೆ ವಾಪಸ್.

ವರ್ಷ ನೋಡಿ. 1965ರಲ್ಲಿ ಅಮೆರಿಕದ ಬಾಗಿಲು ತೆರೆಯಿತು, 1966ರಲ್ಲಿ ಇವರು ಬಂದರು. ಕೈಯಲ್ಲಿ ಅಲ್ಲಿನ ಕೆಲಸ ಇತ್ತು. ಯಾಕೆ ಬಂದರು? ದೇಶ ಕರೀತು ಅನ್ನಬಹುದು. ಆದರೆ ದೇಶ ಅನ್ನೋದು ಸಾರಾಭಾಯ್ ಅನ್ನೋ ಗುರುವಿನ ರೂಪದಲ್ಲಿ, ತನಗೆ ಗೊತ್ತಿದ್ದ ಲ್ಯಾಬಿನ ರೂಪದಲ್ಲಿ, ಮಾಡೋಕೆ ಸಿಕ್ಕ ಕೆಲಸದ ರೂಪದಲ್ಲಿ ಇತ್ತು. ವಿಶ್ವೇಶ್ವರಯ್ಯನವರನ್ನ ಎಳೆದು ತಂದದ್ದೂ ಅದೇ, ರಾಜೇಶ್ವರಿಯವರಿಗೂ ಐಐಎಸ್‌ಸಿಯಲ್ಲಿ ಜಾಗ ಇತ್ತು. ಅಂಬೇಡ್ಕರ್ ಅವರಿಗೆ ಬರೋಡಾದಲ್ಲಿ ಇಲ್ಲದೇ ಹೋದದ್ದೂ ಅದೇ. ಭಾವನಿಗೆ ನನ್ನ ಉತ್ತರ ಇಷ್ಟೇ. ವಾಪಸ್ ಕರೆತರೋದು ಬಾಂಡೂ ಅಲ್ಲ, ಭಾಷಣವೂ ಅಲ್ಲ. ಬಂದವನಿಗೆ ಇರೋ ಜಾಗ, ಮಾಡೋ ಕೆಲಸ.

*

ಪೀಣ್ಯದ ನಂತರ ಊರು ಇನ್ನೊಂದು ದಿಕ್ಕಿಗೆ ಬೆಳೀತು. ಕಿಯೋನಿಕ್ಸ್ 1976ರಲ್ಲಿ ಬಂತು. ಅದರ ಮೊದಲ ಮುಖ್ಯಸ್ಥ ಆರ್.ಕೆ. ಬಾಳಿಗರು 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರುಮಾಡಿದರು. ಕೆಲಸ ಇಲ್ಲಿಗೇ ಬಂತು. ಆಮೇಲೆ ಓದೂ ಹುಡುಕಿಕೊಂಡು ಬಂತು.

1995ರಲ್ಲಿ ವಿಪ್ರೋ, ಬಿಟ್ಸ್ ಪಿಲಾನಿ ಜೊತೆ ಸೇರಿ ಒಂದು ದಾರಿ ಮಾಡಿತು. ಬಿ.ಎಸ್ಸಿ. ಓದಿದವರನ್ನ ಕೆಲಸಕ್ಕೆ ತಗೊಂಡು, ಕೆಲಸ ಮಾಡ್ತಾ ಮಾಡ್ತಾ ಎಂ.ಎಸ್. ಓದಿಸೋದು. ಖರ್ಚು ಕಂಪನಿಯದು. ಇಂಜಿನಿಯರಿಂಗ್ ಫೀಸು ಕಟ್ಟಲಾಗದ ಎಷ್ಟೋ ಮನೆಯ ಮಕ್ಕಳಿಗೆ ಇದು ಸಿಕ್ಕ ಬಾಗಿಲು. 1999ರಲ್ಲಿ ರಾಜ್ಯ ಸರ್ಕಾರ ಮತ್ತು ಐಟಿ ಕಂಪನಿಗಳು ಸೇರಿ ಐಐಐಟಿ-ಬೆಂಗಳೂರು ಶುರುಮಾಡಿದವು. ಮೊದಲು ಅದು ವೈಟ್‌ಫೀಲ್ಡಿನ ಐಟಿಪಿಎಲ್ ಕಟ್ಟಡದಲ್ಲೇ ಇತ್ತು, 2003ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಬಂತು. ಶುರುವಿನಲ್ಲಿ ಬರೀ ಸ್ನಾತಕೋತ್ತರ ಓದು.

ಆದರೆ ನಮ್ಮ ಮನೆಗಳ ಲೆಕ್ಕವನ್ನೇ ಬದಲಾಯಿಸಿದ್ದು 2001. ಆ ವರ್ಷ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆ ಬಂತು. ದೇಶದೊಳಗಿನ ಓದಿಗೆ ಏಳೂವರೆ ಲಕ್ಷ, ಹೊರದೇಶಕ್ಕೆ ಹದಿನೈದು ಲಕ್ಷದವರೆಗೆ. ನಾಲ್ಕು ಲಕ್ಷದವರೆಗೆ ಏನೂ ಅಡವಿಡಬೇಕಿಲ್ಲ. ಅದಕ್ಕಿಂತ ಮೇಲೆ ಹೋದರೆ ಜಾಮೀನುದಾರ ಅಥವಾ ಆಸ್ತಿ ಪತ್ರ. ಈ ಮಿತಿಗಳು ಆಮೇಲೆ ಏರಿದವು.

ಇದರಿಂದ ಒಳ್ಳೇದೇ ಆಯ್ತು. ದಿವಾನರ ಕಣ್ಣಿಗೆ ಬೀಳದ ಮಕ್ಕಳೂ ಹೊರಟರು. ಆದರೆ ಸದ್ದಿಲ್ಲದೆ ಇನ್ನೊಂದೂ ಆಯ್ತು. ಮೊದಲು ಬಾಂಡ್ ಬರೀತಿದ್ದದ್ದು ಸಂಸ್ಥಾನಕ್ಕೆ ಅಥವಾ ಸರ್ಕಾರಕ್ಕೆ: ಇಷ್ಟು ವರ್ಷ ನಿಮ್ಮಲ್ಲಿ ದುಡೀತೀನಿ ಅಂತ. ಕೆಲಸ ಕೊಡೋ ಹೊಣೆಯೂ ಅವರದೇ ಆಗಿತ್ತು. ಈಗ ಬಾಂಡ್ ಬರೆಯೋದು ಬ್ಯಾಂಕಿಗೆ. ಅದಕ್ಕೆ ನೀನು ಎಲ್ಲಿರ್ತೀಯ ಅನ್ನೋದು ಮುಖ್ಯವಲ್ಲ, ಕಂತು ಬಂದರೆ ಸಾಕು. ಕೆಲಸ ಸಿಗದಿದ್ದರೆ ಆ ಕಷ್ಟ ಓದಿದ ಹುಡುಗನದ್ದು ಮತ್ತು ಮನೆ ಪತ್ರ ಇಟ್ಟ ಅಪ್ಪನದ್ದು. ಡಾಲರಿನ ಸಾಲವನ್ನ ರೂಪಾಯಿ ಸಂಬಳದಲ್ಲಿ ತೀರಿಸೋಕಾಗಲ್ಲ ಅಂತ ಎಷ್ಟೋ ಹುಡುಗರು ಬರೋ ಮನಸ್ಸಿದ್ದರೂ ಅಲ್ಲೇ ಉಳೀತಾರೆ. ಒಂದು ಲೆಕ್ಕದಲ್ಲಿ ಇದು ಬರೋಡಾದ ಬಾಂಡಿನ ತಿರುಗುಮುರುಗು. ಅದು ವಾಪಸ್ ಬಾ ಅಂತಿತ್ತು, ಇದು ಬರಬೇಡ ಅನ್ನುತ್ತೆ.

*

ಇಷ್ಟೆಲ್ಲ ಕೇಳಿಸಿಕೊಂಡ ಹುಡುಗ, "ಕಥೆ ಚೆನ್ನಾಗಿದೆ ಮಾಮ, ಆದ್ರೆ ನಾನೇನ್ ಮಾಡ್ಲಿ?" ಅಂದ. ನ್ಯಾಯವಾದ ಪ್ರಶ್ನೆ :-)

ಮೂರು ವಿಷಯ ಹೇಳಿದೆ. ಒಂದು, ಯೂನಿವರ್ಸಿಟಿ ಹೆಸರಿಗಿಂತ ಮುಂಚೆ ಅಲ್ಲಿ ಯಾರ ಕೈಕೆಳಗೆ ಕಲೀತೀಯ ನೋಡು. ರಾವ್ ಅವರು ಹೋದದ್ದು ಹೆಸರಿಗಲ್ಲ, ಸಾರಾಭಾಯ್ ಹತ್ತಿರಕ್ಕೆ. ಎರಡು, ದುಡ್ಡನ್ನ ಒಂದೇ ಕಡೆ ಹುಡುಕಬೇಡ. ಟಾಟಾ ಎಂಡೋಮೆಂಟ್ ಥರದ್ದಕ್ಕೆ ಅರ್ಜಿ ಹಾಕು, ಪ್ರೊಫೆಸರುಗಳಿಗೆ ಬರೆದು ಅಸಿಸ್ಟೆಂಟ್‌ಶಿಪ್ ಕೇಳು. (ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಹೊರದೇಶದ ಓದಿಗೆ ರಾಜ್ಯದ 'ಪ್ರಬುದ್ಧ' ಯೋಜನೆ, ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇವೆ. ನಿಮ್ಮ ಬೀದಿಯ ಹುಡುಗರಿಗೆ ದಯವಿಟ್ಟು ಹೇಳಿ, ಸುದ್ದಿ ತಲುಪೋದೇ ಕಷ್ಟ.) ಮೂರು, ಓದು ಮುಗಿದ ಮೇಲೆ ವೀಸಾ ಸಿಗಲಿಲ್ಲ, ಇಲ್ಲಿಗೇ ಬರಬೇಕಾಯ್ತು ಅಂತ ಇಟ್ಟುಕೋ. ಇಲ್ಲಿನ ಸಂಬಳದಲ್ಲಿ ಆ ಕಂತು ಕಟ್ಟೋಕಾಗುತ್ತಾ? ಒಂದು ಹಾಳೆಯಲ್ಲಿ ಬರೆದು ಅಪ್ಪನಿಗೆ ತೋರಿಸು. ಮಾತಾಡದೇ ಕೂತಿರೋರಿಗೆ ಬೇಕಾಗಿರೋದು ಸಮಾಧಾನ ಅಲ್ಲ, ಲೆಕ್ಕ.

ಸಂಜೆ ಅಕ್ಕ ಫೋನ್ ಮಾಡಿದ್ದಳು. ಹಾಳೆ ನೋಡಿದರಂತೆ ಭಾವ, ಕನ್ನಡಕ ಹಾಕಿಕೊಂಡು, ಎರಡು ಸಲ. ಆಮೇಲೆ, "ಎಂ.ಟೆಕ್. ಆದಮೇಲೆ ಪಿಎಚ್.ಡಿ.ಗೆ ಹೋದ್ರೆ ಅಲ್ಲಿನೋರೇ ದುಡ್ಡು ಕೊಡ್ತಾರಂತಲ್ಲ, ಅದನ್ನೂ ಬರಿ ಇದರಲ್ಲಿ" ಅಂದರಂತೆ. ಹುಡುಗ ಇನ್ನೂ ತೀರ್ಮಾನ ಮಾಡಿಲ್ಲ. ಅಕ್ಕ ಮಾತ್ರ ಒಂದು ಮಾತು ಹೇಳಿದಳು: "ಮನೆ ಪತ್ರ ಕೊಡೋಕೆ ನನಗೇನೂ ಬೇಜಾರಿಲ್ಲ ಕಣೋ. ಆದ್ರೆ ಅವನು ಅಲ್ಲಿ ಕೂತು ದಿನಾ ಈ ಮನೆ ನೆನಪಿಸಿಕೊಂಡು ಹೆದರ್ತಾ ಓದೋದು ಬೇಡ."

ನೂರನಲವತ್ತು ವರ್ಷದ ಇತಿಹಾಸ ಹೇಳಿದ ನನಗೆ ಇದು ಹೊಳೆದಿರಲಿಲ್ಲ ನೋಡಿ.

ನೀವು ಯಾರ ದುಡ್ಡಲ್ಲಿ ಓದಿದಿರಿ? ಅದರ ಷರತ್ತು ಏನಿತ್ತು? ನೆನಪಿದ್ದರೆ ನೀವೂ ಬರೀರಿ.